ಠರಾವಿನ ಪ್ರಕಾರ ನೆಟ್ಟಗಿರುವ ಟ್ರಕ್ಕು

ಕಾಸಾರಶಿರಸಿಯ ಸೀಮಾಭಾಗ ಧಾನ್ಯ ಸಾಗಣೆ ಸಂಘದ ಏಕೈಕ ಟ್ರಕ್ಕು ನೆಟ್ಟಗೆ ಓಡುತ್ತದೆ ಎಂಬುದು ಆಡಳಿತ ಮಂಡಳಿಯ ಏಳು ಮತಗಳಿಂದ, ಯಾರ ವಿರೋಧವೂ ಇಲ್ಲದೆ, ಅಂಗೀಕಾರವಾದ ಸತ್ಯ. ಟ್ರಕ್ಕಿಗೆ ಮತದಾನದ ಹಕ್ಕಿಲ್ಲ. ಅದನ್ನು ಓಡಿಸುವ ಖಂಡೆಪ್ಪನಿಗೂ ಇಲ್ಲ. ಆದ್ದರಿಂದ ಅದು ಎಡಕ್ಕೆ ಎಳೆಯುತ್ತದೆ ಎಂಬ ಮಾತು ನಡಾವಳಿ ಪುಸ್ತಕದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಮೂಲ ಸಂಗತಿ ಇಷ್ಟೇ. ದೇವಣಿ ರಸ್ತೆಯ ನಟ್ಟನಡುವೆ ಒಂದು ಹೋರಿ ನಿಂತು ಮೆಲುಕು ಹಾಕುತ್ತಿತ್ತು. ದೇವಣಿಯ ಹೋರಿ, ಒಳ್ಳೆಯ ಮನೆತನದ್ದು. ಹಾರ್ನಿಗೆಲ್ಲ ಸರಿಯುವ ಪೈಕಿಯಲ್ಲ. ಅದನ್ನು ಉಳಿಸಲು ಹೋಗಿ ಖಂಡೆಪ್ಪ ಮೈಲಿಗಲ್ಲಿಗೆ ಗುದ್ದಿದ. ಹೋರಿ ತಿರುಗಿ ಕೂಡ ನೋಡಲಿಲ್ಲ. ವಲಾಂಡಿಯ ಮಿಸ್ತ್ರಿ ಸಂಜುಕುಮಾರ ಡೊಂಕಾದ ಮುಂದಿನ ಆಕ್ಸಲನ್ನು ಬಡಿದು ಸರಿಮಾಡಿ, ಗಾಲಿಗಳಿಗೆ ಸುತಳಿ ದಾರ ಹಿಡಿದು ಅಳೆದು, ಕೈ ಒರೆಸಿಕೊಳ್ಳುತ್ತ ಹೇಳಿದ:

“ಸುತಳಿ ಅಳತಿ ಉದಗೀರ ಮುಟ್ಟೋತನಕ ಅಷ್ಟ ನೋಡಪಾ. ಅಲ್ಲಿ ಮಶೀನ್ ಮ್ಯಾಲ ಹತ್ತಿಸಿ ಅಲೈನ್‌ಮೆಂಟ್ ಮಾಡಸ್ರಿ. ಇಲ್ಲಾಂದ್ರ ಗಾಡಿ ಎಡಕ್ಕ ಎಳೀತದ, ಟೈರ್ ತಿಂತದ, ಒಂದಿನ ನಿನಗೂ ತಿಂತದ.”

ಕೊನೆಯ ಮಾತು ಖಂಡೆಪ್ಪನ ಎದೆಗೆ ನಾಟಿತು. ವಲಾಂಡಿ ದಾಟಿದರೆ ಹಳ್ಳದ ಸೇತುವೆ. ಉದಗೀರಕ್ಕೆ ಹೋಗುವಾಗ ಎಡಬದಿಗೆ ಸಿಗುವ ಅದರ ತಡೆಗೋಡೆ ಹೋದ ವರ್ಷದ ಮಳೆಗೆ ಕೊಚ್ಚಿಹೋಗಿತ್ತು. ಈಗ ಅಲ್ಲಿ ಕೋಲಿಗೆ ಕಟ್ಟಿದ ಒಂದು ಕೆಂಪು ಬಟ್ಟೆಯಿದೆ. ವಾರಕ್ಕೆ ಮೂರು ಸಲ ಟ್ರಕ್ಕಿನ ತುಂಬ ಸೋಯಾಬೀನ್ ಹೇರಿಕೊಂಡು ಆ ಕೆಂಪು ಬಟ್ಟೆಯ ಪಕ್ಕದಿಂದ ಹಾಯಬೇಕಾದವನು ಖಂಡೆಪ್ಪ, ಮಂಡಳಿಯವರಲ್ಲ.

ಸಂಘದ ಅಧ್ಯಕ್ಷರು ರೇವಣಸಿದ್ಧ ಸಾವಕಾರರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಕಾಯ್ದೆ.

“ಎಡಕ್ಕ ಎಳೀತದ ಅಂದ್ಯಾ?”

“ಹೌದರೀ ಸಾವಕಾರ್ರ. ಕೈ ಬಿಟ್ರ ಸೀದಾ ಹಳ್ಳಕ್ಕರೀ.”

“ಈ ದೇಶದಾಗ ಗಾಡಿ ಯಾವ ಬಾಜೂ ಹೋಗಬೇಕಂತ ಕಾಯ್ದಾ ಅದ?”

“ಎಡಕ್ಕರೀ.”

“ಮತ್ತ? ಗಾಡಿ ಕಾಯ್ದಾ ಪ್ರಕಾರ ನಡೀಲಿಕತ್ತದ. ನೀನೇ ಅದಕ್ಕ ಬಲಕ್ಕ ಎಳೀಲಿಕತ್ತಿ.”

ಕಾಯ್ದೆ ಹಾಗೆಯೇ ಇದೆಯಲ್ಲ, ಬಡವ ಏನು ಹೇಳಿಯಾನು.

ಆದರೂ ಸಂಘ ಹೊಣೆಗೇಡಿಯಲ್ಲ. ಅಲೈನ್‌ಮೆಂಟ್ ಎಂಬುದರ ಅಧ್ಯಯನಕ್ಕೆ ಏಳೂ ಜನ ಎರಡು ಜೀಪು ಮಾಡಿಕೊಂಡು ಉದಗೀರಕ್ಕೆ ಹೋದರು. ಟ್ರಕ್ಕನ್ನು ಒಯ್ಯಲಿಲ್ಲ. ಅಲೈನ್‌ಮೆಂಟ್ ಆಗದ ವಾಹನದ ಸಮೀಪ ಪ್ರಯಾಣಿಸುವುದು ಪದಾಧಿಕಾರಿಗಳ ಜೀವಕ್ಕೆ ಅಪಾಯಕಾರಿ ಎಂದು ಕಾರ್ಯದರ್ಶಿ ರವಿಕಾಂತ ಮೊದಲೇ ಟಿಪ್ಪಣಿ ಬರೆದಿದ್ದ. ಅಲ್ಲಿ ಮಶೀನಿಗೆ ಹಾರ ಹಾಕಿದರು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಗಡದ್ದಾಗಿ ಉಂಡರು, ಮನೆಯವರಿಗೆ ಸೀರೆ ಕೊಂಡರು. ಅಲೈನ್‌ಮೆಂಟ್ ಮಾಡಿಸಲು ತೆಗೆದಿಟ್ಟ ಹಣ ಅಲೈನ್‌ಮೆಂಟ್ ನೋಡುವುದರಲ್ಲಿಯೇ ತೀರಿತು. ಮರುದಿನ ಠರಾವು ಹೊರಟಿತು:

“ವಾಹನವು ನೆಟ್ಟಗಿದೆ. ಅದು ಎಡಕ್ಕೆ ಎಳೆದಲ್ಲಿ, ಚಾಲಕನು ಅಷ್ಟೇ ಪ್ರಮಾಣದಲ್ಲಿ ಬಲಕ್ಕೆ ಎಳೆಯತಕ್ಕದ್ದು. ಹಾಗೆ ಎಳೆಯುವುದನ್ನು ಹೆಚ್ಚುವರಿ ಕೆಲಸವೆಂದು ಪರಿಗಣಿಸತಕ್ಕದ್ದಲ್ಲ.”

ಇದರ ಒಂದು ಪ್ರತಿಯನ್ನು ಟ್ರಕ್ಕಿನೊಳಗೆ ದೇವರ ಫೋಟೋದ ಪಕ್ಕ ಅಂಟಿಸಲಾಯಿತು. ಖಂಡೆಪ್ಪ ದಿನಾ ಎರಡಕ್ಕೂ ಊದಿನಕಡ್ಡಿ ಬೆಳಗಿ, ಹಲ್ಲು ಕಚ್ಚಿ ಬಲಕ್ಕೆ ಎಳೆಯತೊಡಗಿದ.

ಎಂಟು ತಿಂಗಳು ಎಳೆದ. ಮೊದಲು ರಟ್ಟೆ ನೋಯಿತು, ಆಮೇಲೆ ಹೆಗಲು, ಆಮೇಲೆ ಏನೂ ನೋಯಲಿಲ್ಲ. ಮೈಯೇ ಬಲಕ್ಕೆ ವಾಲಿಬಿಟ್ಟಿತು. ಸಂತೆಗೆ ನಡೆದುಹೋದರೆ ಬಲಗಡೆಯ ಗಟಾರದ ಕಡೆ ಸರಿಯುತ್ತಿದ್ದ. ಹೆಂಡತಿ ಬಾಳಮ್ಮ ಅವನ ಬಲಕ್ಕೆ ನಡೆಯುತ್ತ, ಹತ್ತು ಹೆಜ್ಜೆಗೊಮ್ಮೆ ಭುಜದಿಂದ ದೂಡಿ ದಾರಿಗೆ ತರುತ್ತಿದ್ದಳು. “ಗಾಡಿ ಡೊಂಕ್ ಇದ್ದದ್ದು ನಿಮಗ ಹತ್ತೇದ ನೋಡ್ರಿ,” ಎಂದು ಮೊದಮೊದಲು ನಕ್ಕಳು. ಒಂದು ದಿನ ಊಟಕ್ಕೆ ಕೂತವನು ತಾನಾಗಿಯೇ ಬಲಕ್ಕೆ ಒರಗಿ ಗೋಡೆಗೆ ತಾಗಿದ್ದನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿರುವಾಗ ಟ್ರಕ್ಕಿನ ಪಾಸಿಂಗ್, ಅಂದರೆ ಸರಕಾರಿ ತಪಾಸಣೆ, ಬಂತು. ತಪಾಸಣೆಯ ಸಾಹೇಬರು ಅಲೈನ್‌ಮೆಂಟ್ ಮಾಡಿಸಿದ ಚೀಟಿ ಕೇಳಿದರು. ಖಂಡೆಪ್ಪ ಠರಾವು ತೋರಿಸಿದ. ಸಾಹೇಬರು ಅದನ್ನು ಎರಡು ಸಲ ಓದಿ, ಚಷ್ಮಾ ತೆಗೆದು, ಟ್ರಕ್ಕನ್ನು ಹಿಂದಕ್ಕೆ ಕಳಿಸಿದರು. ಪಾಸಿಂಗ್ ಇಲ್ಲದೆ ಮಾಲು ಹೋಗದು. ಸಾವಕಾರರು ಒಲ್ಲದ ಮನಸ್ಸಿನಿಂದ ಹೂಂ ಅಂದರು. ಉದಗೀರದ ಮಶೀನಿನ ಮೇಲೆ ಕೆಲಸ ಮುಗಿಯಲು ಎರಡು ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು.

ಟ್ರಕ್ಕು ಗೆರೆ ಎಳೆದ ಹಾಗೆ ನೆಟ್ಟಗಾಯಿತು. ಖಂಡೆಪ್ಪ ನೆಟ್ಟಗಾಗಲಿಲ್ಲ, ಅವನನ್ನು ಹತ್ತಿಸುವ ಮಶೀನು ಉದಗೀರದಲ್ಲಿರಲಿಲ್ಲ. ಹೋಗುವಾಗ ಎಡಕ್ಕಿರುವ ಕೆಂಪು ಬಟ್ಟೆ ಬರುವಾಗ ಬಲಕ್ಕೆ ಬರುತ್ತದೆ. ಸೇತುವೆ ಕಂಡದ್ದೇ ತಡ, ಎಂಟು ತಿಂಗಳ ಅಭ್ಯಾಸದ ಕೈ ತನ್ನ ಕರ್ತವ್ಯ ಮಾಡಿತು. ಟ್ರಕ್ಕು ಬಟ್ಟೆಯನ್ನು ಕೋಲಿನ ಸಮೇತ ಹೊತ್ತುಕೊಂಡು ಹಳ್ಳಕ್ಕೆ ಮೂಗು ಊರಿತು. ಬೇಸಿಗೆಯಾದ್ದರಿಂದ ನೀರಿರಲಿಲ್ಲ. ಖಂಡೆಪ್ಪನ ಹಣೆಗೆ ಏಳು ಹೊಲಿಗೆ ಬಿದ್ದವು, ಮಂಡಳಿಯ ಸದಸ್ಯನಿಗೊಂದರಂತೆ.

ಅಪಘಾತದ ಚೌಕಶಿ, ಅಂದರೆ ವಿಚಾರಣೆ, ಶಾಸ್ತ್ರೋಕ್ತವಾಗಿ ನಡೆಯಿತು.

“ಅಲೈನ್‌ಮೆಂಟ್ ಇಲ್ದ ಎಂಟ್ ತಿಂಗಳು ಹೊಡದಿ. ಎಷ್ಟ ಅಪಘಾತ ಆದ್ವು?” ಎಂದು ಸಾವಕಾರರು ಕೇಳಿದರು.

“ಒಂದೂ ಇಲ್ಲರೀ.”

“ಮಾಡಿಸಿದ ಮ್ಯಾಲ?”

“ಒಂದ್ ತಾಸಿನಾಗ ಆತರೀ. ಆದ್ರ ಸಾವಕಾರ್ರ, ಗಾಡಿ ನೆಟ್ಟಗಾಗಿತ್ತು, ನಾ ಡೊಂಕಾಗಿದ್ದೆ...”

“ಬರ್ಕೋ,” ಅಂದರು ಸಾವಕಾರರು. ರವಿಕಾಂತ ಬರೆದುಕೊಂಡ: “ವಾಹನ ನೆಟ್ಟಗಾದದ್ದೇ ಅಪಘಾತಕ್ಕೆ ಕಾರಣವೆಂದು ಚಾಲಕನು ಸ್ವಯಂಪ್ರೇರಣೆಯಿಂದ ಒಪ್ಪಿದ್ದಾನೆ. ಇನ್ನು ಮುಂದೆ ಸಂಘದ ಯಾವುದೇ ವಾಹನಕ್ಕೆ ಅಲೈನ್‌ಮೆಂಟ್ ಮಾಡಿಸತಕ್ಕದ್ದಲ್ಲ.” ಏಳು ಮತ. ವಿರೋಧವಿಲ್ಲ.

ಟ್ರಕ್ಕು ಮತ್ತೆ ವಲಾಂಡಿಗೆ ಹೋಯಿತು. ಸಂಜುಕುಮಾರ ಆಕ್ಸಲ್ ಬಡಿದ, ಸುತಳಿ ಹಿಡಿದ. ಉದಗೀರದ ಹೆಸರು ಮಾತ್ರ ಎತ್ತಲಿಲ್ಲ. ಸಂಘದ ನೋಟೀಸು ಅವನ ಗೋಡೆಗೂ ಅಂಟಿತ್ತು.

ಮತ್ತೆ ಮಾಲು ಹೇರಿ ಹೊರಡುವ ಮೊದಲ ಖೇಪಿನ ದಿನ ಬಾಳಮ್ಮ ತೆಂಗಿನಕಾಯಿ ಹಿಡಿದು ಸಂಘದ ಅಂಗಳಕ್ಕೆ ಬಂದು ನಿಂತಳು. ಖಂಡೆಪ್ಪ ಒಂದು ಸುತ್ತು ಹೊಡೆದು, ನಡುವೆ ಸ್ಟೇರಿಂಗ್ ಕೈಬಿಟ್ಟು ನೋಡಿ, ಇಳಿದು ಬಂದ. ಅವಳ ಮುಖ ಬಿಳಚಿಕೊಂಡಿತ್ತು.

“ಏನಾತ್ರಿ? ಎಡಕ್ಕ ಎಳೀತದ ಇಲ್ಲೋ?”

“ಎಳೀತದ. ಮೊದಲಿನಗತೆ ಬರಾಬರ್ ಎಳೀತದ.”

“ನಮ್ಮಪ್ಪಾ, ಶಿವನೇ! ಉಳಿಸಿದಿ,” ಎಂದು ಬಾಳಮ್ಮ ಕೈಮುಗಿದು, ಕಾಯಿ ಒಡೆದು, ಟ್ರಕ್ಕಿನ ಎಡಗಡೆಯ ಗಾಲಿಗೆ ಒಂದು ಚಿಟಿಕೆ ಕುಂಕುಮ ಹೆಚ್ಚಾಗಿಯೇ ಹಚ್ಚಿದಳು.