ಅಂಗಳದ ತೆಂಗಿನ ಮರದ ಕಾಗೆಯವರಿಗೆ, ಹಳದಿ ಉಲ್ಲನ್ ವಿಚಾರವಾಗಿ

ಮಾನ್ಯ ಕಾಗೆಯವರೇ,

ಬೀಜಾಡಿಯ ನಮ್ಮ ಮನೆಯಂಗಳದ ತೆಂಗಿನ ಮರದಲ್ಲಿ ಸಕುಟುಂಬರಾಗಿ ಬಿಡಾರ ಹೂಡಿರುವ ತಮಗೆ, ಅದೇ ಮನೆಯ ಸೊಸೆ ಸುಗುಣಳ ಭಯಭಕ್ತಿಯ ನಮಸ್ಕಾರಗಳು. ತಾವೂ ತಮ್ಮ ಮೊಟ್ಟೆಗಳೂ ಕ್ಷೇಮವೆಂದು ನಂಬಿದ್ದೇನೆ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಖಾಸಗಿಯಾಗಿ ಮಾತಾಡಲು ಮರದ ಬುಡಕ್ಕೆ ಬಂದಾಗಲೆಲ್ಲ ತಾವು ನನ್ನ ನೆತ್ತಿಗೆ ಕುಕ್ಕಿದ್ದೀರಿ.

ಘಾನಾ ದೇಶದಲ್ಲಿ ಹೋಟೆಲು ನಡೆಸುವ ನನ್ನ ಮೈದುನ ರವಿರಾಜ್ ಈ ಸಲ ಊರಿಗೆ ಬರುವಾಗ ಅಲ್ಲಿಯ ಕೆಂಟೆ ಎಂಬ ನೇಯ್ಗೆಯ ಶಾಲು ತಂದಿದ್ದ. ಅದರ ಹಳದಿ, ಹಸಿರು, ಕೆಂಪು, ಕಪ್ಪು ಚೌಕಗಳನ್ನೂ ಮೆಟ್ಟಿಲು ಮೆಟ್ಟಿಲಾದ ಗೆರೆಗಳನ್ನೂ ಕಂಡು ಮರುಳಾದ ನಾನು, ಆ ಚಿತ್ತಾರವನ್ನೇ ಉಲ್ಲನ್ನಿನಲ್ಲಿ ಹೆಣೆದು ತೋಳಿಲ್ಲದ ಸ್ವೆಟರ್ ಮಾಡಿ, ಅವನು ಮರಳಿ ಹೊರಡುವುದರೊಳಗೆ ಕೊಡುತ್ತೇನೆಂದು ಮಾತು ಕೊಟ್ಟೆ. ಅಲ್ಲಿಯೂ ಸೆಕೆ, ಇಲ್ಲಿಯೂ ಸೆಕೆ, ಇದನ್ನೇನಿದ್ದರೂ ವಿಮಾನದಲ್ಲಿ ಹಾಕಿಕೊಳ್ಳಬೇಕಷ್ಟೆ ಎಂದು ನನ್ನ ಗಂಡ ದೇವಪ್ಪನವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಸಾಲಿನಲ್ಲಿ ಎರಡು ಬಣ್ಣ ನಡೆಸುತ್ತ, ಸರದಿ ಬಾರದ ನೂಲನ್ನು ಹಿಂಬದಿಯಲ್ಲಿ ಸಡಿಲವಾಗಿ ಎಳೆದೊಯ್ಯುತ್ತ, ಬೆವರಿದ ಬೆರಳಿಗೆ ಅಂಟುವ ಉಲ್ಲನ್ನಿನೊಂದಿಗೆ ಗುದ್ದಾಡಿ ಎದೆಯವರೆಗೆ ಬಂದಿದ್ದೆ. ಆಗ ತಾವು ಜಗಲಿಗೆ ದಯಮಾಡಿಸಿ, ಉಳಿದಿದ್ದ ಪುಟ್ಟ ಉಂಡೆಗಳಲ್ಲಿ ಹಳದಿಯನ್ನೇ ಆರಿಸಿ ಕೊಂಡೊಯ್ದಿರಿ.

ತಮ್ಮ ಅಭಿರುಚಿಯನ್ನು ಮೆಚ್ಚದೆ ವಿಧಿಯಿಲ್ಲ. ಕುಂದಾಪುರದ ಅಂಗಡಿಯಲ್ಲಿ ಆ ಹಳದಿ ಇನ್ನು ಸಿಕ್ಕುವುದಿಲ್ಲ. ಕಾಯಿ ಕೊಯ್ಯುವ ದುಗ್ಗಪ್ಪ ಗೂಡಿನವರೆಗೆ ಹತ್ತಿ, ತಮ್ಮಿಂದ ಕುಕ್ಕಿಸಿಕೊಂಡು, ಬರಿಗೈಯಲ್ಲಿ ಇಳಿದು ಹೇಳಿದ ಪ್ರಕಾರ ತಮ್ಮ ಹೆಣಿಗೆ ನನ್ನದಕ್ಕಿಂತ ಬಿಗಿಯಂತೆ, ಒಂದೆಳೆಯೂ ಜೋತಾಡುತ್ತಿಲ್ಲವಂತೆ.

ಇಷ್ಟರಲ್ಲಿ ನನ್ನ ಅತ್ತೆ ದಿವಂಗತ ಗಿರಿಜಮ್ಮನವರ ತಿಥಿ ಬಂತು. ಅವರಿಗೆ ಪ್ರಿಯವಾದ ಕೋಳಿ ಸಾರು, ಕಡುಬುಗಳನ್ನು ಬಾಳೆಲೆಯಲ್ಲಿ ಬಡಿಸಿ ಕರೆದರೆ ತಾವು ಮೇಲಿನಿಂದ ಇಣುಕಿದಿರಿ, ಇಳಿಯಲಿಲ್ಲ. ತಾವು ಮುಟ್ಟದೆ ಮನೆಮಂದಿ ಉಣ್ಣುವಂತಿಲ್ಲವೆಂಬುದು ತಮಗೆ ಚೆನ್ನಾಗಿ ಗೊತ್ತು. ಸತ್ತವರಿಗೆ ಏನೋ ಆಸೆ ಉಳಿದಿದೆ, ತೀರಿಸುತ್ತೇವೆಂದು ಮಾತು ಕೊಡಿ ಎಂದರು ಹಿರಿಯರು. ಗಂಡ ಮನೆಗೆ ಸುಣ್ಣ ಬಳಿಸುತ್ತೇನೆಂದರು. ರವಿರಾಜ್ ಮದುವೆಯನ್ನೇ ಆಗುತ್ತೇನೆಂದ. ತಾವು ಕತ್ತು ಓರೆ ಮಾಡಿ ಕೂತಿರಿ. ಕೊನೆಗೆ, "ಅಮ್ಮಂಗೆ ಎಂತ ಬೇಕಂದ್ ನೀನೇ ಕೇಣ್" ಎಂದು ಗಂಡ ನನ್ನನ್ನು ಮುಂದೆ ದೂಡಿದರು.

ಅತ್ತೆಯವರು ಬದುಕಿರುವಷ್ಟು ಕಾಲ ನನ್ನ ಹೆಣಿಗೆ ಕಂಡರೆ ಮೂಗು ಮುರಿದವರು, "ಈ ಸೆಕಿಗೆ ಉಲ್ಲನ್ ಹಾಕ್ಕಂಬುದ್ ಯಾರ್ ಮರಾಯ್ತಿ?" ಎನ್ನುತ್ತ ಎಳೆ ಹಿಡಿದು ಜಗ್ಗಿ ಸಾಲುಗಟ್ಟಲೆ ಬಿಚ್ಚಿದವರು. ಅವರಿಗೆಂದೇ ಹೆಣೆದ ಶಾಲು ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಉಳಿದಿದೆ, ನನಗದು ಇಂದಿಗೂ ನೋವು. ಹಾಗಾಗಿ ಇನ್ನೆಂದೂ ಹೆಣಿಗೆ ಕಡ್ಡಿ ಮುಟ್ಟುವುದಿಲ್ಲ ಎಂದು ಕಣ್ಣೀರಿಟ್ಟು ಹೇಳಿದೆ. ತಾವು ಬೆನ್ನು ತಿರುಗಿಸಿದಿರಿ. ಹಸಿವು ತಾಳಲಾರದೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ನಿಮ್ಗೂ ಒಂದ್ ಹೆಣ್ದ್ ಕೊಡ್ತೆ, ಕೆಳ್ಗ್ ಬನ್ನಿ." ತಾವು ಬಂದಿರಿ. ಎಲೆಯ ಮೇಲೆ ಒಂದಗುಳೂ ಉಳಿಯಲಿಲ್ಲ.

ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು. ಆದ್ದರಿಂದ ತಮ್ಮ ಎದೆಯ ಸುತ್ತಳತೆ, ಕೊರಳಿನಿಂದ ಬಾಲದವರೆಗಿನ ಉದ್ದ ಇವನ್ನು ಆದಷ್ಟು ಬೇಗ ತಿಳಿಸಬೇಕಾಗಿಯೂ, ಅಳತೆ ಪಟ್ಟಿ ಹಿಡಿದು ಬಂದಾಗ ನನ್ನ ನೆತ್ತಿಗೆ ಕುಕ್ಕದೆ ಬಿಡಬೇಕಾಗಿಯೂ ವಿನಂತಿ. ತೋಳಿಲ್ಲದ ಸ್ವೆಟರೇ ಆದ್ದರಿಂದ ಹಾರಾಟಕ್ಕೆ ಅಡ್ಡಿಯಾಗದು; ಕಪ್ಪು ತಮ್ಮಲ್ಲೇ ಧಾರಾಳವಾಗಿರುವುದರಿಂದ ಆ ನೂಲು ಉಳಿತಾಯ. ಹಳದಿ ಮಾತ್ರ ತಾವೇ ಒದಗಿಸಬೇಕು, ಅದರಲ್ಲಿ ರವಿರಾಜನ ಎದೆಗೂ ಸ್ವಲ್ಪ ಬಿಟ್ಟುಕೊಡಬೇಕು. ಅವನು ಹೊರಡುವ ದಿನ ಹತ್ತಿರ ಬಂದಿದೆ.

ತಮ್ಮ ವಿಶ್ವಾಸಿ,
ಮರದ ಕೆಳಗೆ ಕೊಡೆ ಹಿಡಿದು ನಿಂತಿರುವ
ಸುಗುಣ

ಮರೆತ ಮಾತು: ತಾವು ಬರೀ ಕಾಗೆಯಾಗಿದ್ದರೆ ಹಳದಿಯನ್ನು ಜಗಲಿಯಲ್ಲಿಟ್ಟು ಹೋಗಿ, ನಾನೇನೂ ಅನ್ನುವುದಿಲ್ಲ. ಅತ್ತೆಯವರೇ ಆಗಿದ್ದರೆ, ನನ್ನ ಕೈಯ ಹೆಣಿಗೆಯೊಂದು ಬೇಕೆನ್ನಲು ತಾವು ಸತ್ತು ಕಾಗೆಯಾಗಿ ಬರಬೇಕಿತ್ತೇ? ಬದುಕಿರುವಾಗಲೇ ಒಂದು ಮಾತು ಹೇಳಿದ್ದರೆ ಅಳತೆ ತೆಗೆಯುವುದಾದರೂ ಸುಲಭವಾಗುತ್ತಿತ್ತು.