ನಮ್ಮ ಕಾರ್ಬ್ಯುರೇಟರಿನ ಗಂಟಲು

ಹಳೇ ಕಾಲದ ವಿಮಾನದ ಎಂಜಿನ್ನಿನ ಸಹವಾಸ ಮಾಡಿದವನು ನಗೆಪಾಟಲಾಗಲು ಬೇರೆ ಕಾರಣ ಹುಡುಕಬೇಕಿಲ್ಲ. ನಾನು ನವಿ ಮುಂಬಯಿಯ ಸಾನಪಾಡಾದ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಮೇಷ್ಟ್ರು. ವಿಮಾನಗಳ ಆರಂಭದ ದಿನಗಳ ಎಂಜಿನ್ನೊಂದರ ಮಾದರಿಯನ್ನು ವಿದ್ಯಾರ್ಥಿಗಳೂ ನಾನೂ ಸೇರಿ ಕಟ್ಟಿದ್ದೆವು. ಅದು ಒಮ್ಮೆಯೂ ಸ್ಟಾರ್ಟ್ ಆಗಿರಲಿಲ್ಲ. ದಸರೆಯೊಳಗೆ ಓಡದಿದ್ದರೆ ಗುಜರಿಗೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಗುಜರಿಯವನು ಆಗಲೇ ಬಂದು ಅದರ ಹಿತ್ತಾಳೆ ತಟ್ಟಿ ನೋಡಿ ಹೋಗಿದ್ದ. ನನಗೋ ಅದರ ಸದ್ದು ಒಂದು ಸಲವಾದರೂ ಕೇಳಬೇಕೆಂಬ ಆಸೆ.

ಟ್ಯಾಂಕಿ ಮೇಲೆ

ಆಗಿನ ಎಷ್ಟೋ ವಿಮಾನಗಳಲ್ಲಿ ಪೆಟ್ರೋಲಿಗೆ ಪಂಪ್ ಇರಲಿಲ್ಲ. ಟ್ಯಾಂಕಿ ಮೇಲೆ, ಎಂಜಿನ್ ಕೆಳಗೆ. ಪೆಟ್ರೋಲು ತಾನಾಗಿ ಇಳಿದು ಬರಬೇಕು. ಡೊಂಬಿವಲಿಯಲ್ಲಿ ನಾನಿರುವ ಹೌಸಿಂಗ್ ಸೊಸೈಟಿಯ ಟಾಪ್ ಫ್ಲೋರಿನಲ್ಲಿ ಉಡುಪಿ ಕಡೆಯ ಹೋಟೆಲ್ ಮಾಲೀಕರಿದ್ದಾರೆ. ಅವರಿಗೆ ಇದನ್ನು ವಿವರಿಸಿದೆ.

"ಟ್ಯಾಂಕಿ ಎಷ್ಟು ಮೇಲೆ ಉಂಟು ಮಾರಾಯ್ರೆ?"

"ಎರಡು ಅಡಿ."

"ಸಾಕಾಗುದಿಲ್ಲ. ನಮ್ಮ ಮನೆ ಸೊಸೈಟಿ ಟ್ಯಾಂಕಿಯ ಅಡಿಯಲ್ಲೇ ಉಂಟು, ಶವರಿನಲ್ಲಿ ಬರುದು ಒಂದೊಂದೇ ಹನಿ. ನಿಮ್ಮ ವಿಮಾನ ಇಲ್ಲೇ ಪಕ್ಕದ ಕಲ್ಯಾಣ್ ಸಹ ದಾಟುದಿಲ್ಲ."

ಜೋರಾಗಿ ನಕ್ಕುಬಿಟ್ಟೆ. ಮರುದಿನ ಯಾರಿಗೂ ಹೇಳದೆ ಟ್ಯಾಂಕಿಯನ್ನು ಇನ್ನೊಂದು ಅಡಿ ಏರಿಸಿದೆ.

ತಲೆಕೆಳಗು

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಹಿತ್ತಾಳೆಯ ಪೊಳ್ಳು ಬುರುಡೆಯೊಂದು ತೇಲುತ್ತಿರುತ್ತದೆ. ಪೆಟ್ರೋಲು ತುಂಬಿದರೆ ಅದು ಮೇಲೆದ್ದು ದಾರಿ ಮುಚ್ಚುತ್ತದೆ.

"ಫ್ಲಶ್ ಟ್ಯಾಂಕ್ ಜೈಸಾ?" ಎಂದಳು ಒಬ್ಬ ವಿದ್ಯಾರ್ಥಿನಿ. ಮನೆಮಾತು ಕನ್ನಡವೇ, ಆದರೆ ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಹಿಂದಿಯಲ್ಲೇ.

"ಹೌದಮ್ಮ. ಅದಕ್ಕೇ ವಿಮಾನ ತಲೆಕೆಳಗಾದ್ರೆ ಬುರುಡೆ ಲೆಕ್ಕ ತಪ್ಪುತ್ತೆ. ಎಂಜಿನ್ ನಿಂತೇ ಹೋಗಬಹುದು."

ಅವಳು ನಮ್ಮ ಎಂಜಿನ್ನನ್ನು ಸುತ್ತು ಹಾಕಿ ನೋಡಿದಳು. ಆಮೇಲೆ ಅವಳ ಬಾಯಿಂದ ಮೊದಲ ಕನ್ನಡ ವಾಕ್ಯ ಬಂತು: "ನಮ್ದು ಸೀದಾ ಇದ್ರೂ ನಿಂತೇ ಇದೆಯಲ್ಲ, ಸರ್."

ಒಂದು ಮೊಳ

ಆಯುಧಪೂಜೆಯ ದಿನ ಎಂಜಿನ್ ಸ್ಟಾರ್ಟ್ ಮಾಡಲು ಅದರ ಪ್ರೊಪೆಲರನ್ನು ಕೈಯಿಂದ ತಿರುಗಿಸಿ ತಿರುಗಿಸಿ ನಮ್ಮ ರಟ್ಟೆ ಬಿದ್ದುಹೋಗಿತ್ತು. ಎಂಜಿನ್ ಒಮ್ಮೆ ಕೆಮ್ಮುವುದು, ಸುಮ್ಮನಾಗುವುದು. ಪ್ರಿನ್ಸಿಪಾಲರು ಗಡಿಯಾರ ನೋಡತೊಡಗಿದರು.

ಮೈಸೂರಿನವಳಾದ ನನ್ನ ಹೆಂಡತಿ ಪೂಜೆಯ ತಟ್ಟೆ ಹಿಡಿದು ಬಂದಳು. "ಪೂಜೆನೇ ಮಾಡದೆ ಸ್ಟಾರ್ಟ್ ಮಾಡಿದ್ರೆ ಹೇಗ್ರೀ ಆಗುತ್ತೆ?"

"ಪೆಟ್ರೋಲ್ ಇದೆ ಕಣೆ, ಆರತಿಗೀರತಿ ಬೇಡ."

"ಆಯ್ತು, ಹೂವಾದ್ರೂ ಇರ್ಲಿ," ಎಂದು ಒಂದು ಮೊಳ ಸೇವಂತಿಗೆಯನ್ನು ಕಾರ್ಬ್ಯುರೇಟರಿನ ಬಾಯಿಗೇ ಸುತ್ತಿದಳು. ಅದು ಗಾಳಿ ಹೋಗುವ ಬಾಯಿ ಎನ್ನುವಷ್ಟರಲ್ಲಿ ಹುಡುಗರು ಪ್ರೊಪೆಲರ್ ತಿರುಗಿಸಿಯಾಗಿತ್ತು.

ಎಂಜಿನ್ ಗುಡುಗುಟ್ಟಿ ಸ್ಟಾರ್ಟ್ ಆಗಿಯೇಬಿಟ್ಟಿತು. ತಣ್ಣಗಿದ್ದ ಎಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು ಬೇಕಿತ್ತು. ಅದಕ್ಕೆಂದೇ ಇರಬೇಕಾದ ಚೋಕ್ ಎಂಬ ಮುಚ್ಚಳ ಕೂರಿಸುವುದನ್ನೇ ನಾವು ಮರೆತಿದ್ದೆವು. ಆ ಕೆಲಸವನ್ನು ಹೂವು ಮಾಡಿತ್ತು. ಎಂಜಿನ್ ಬಿಸಿಯಾದ ಮೇಲೆ ಹೂವು ತೆಗೆದೆ, ಓಡುತ್ತಲೇ ಇತ್ತು. ನನಗೆ ಕಣ್ಣು ತುಂಬಿ ಬಂತು.

ಈಗ ಚೋಕ್ ಕೂರಿಸಲು ಪ್ರಿನ್ಸಿಪಾಲರೇ ಬಿಡುವುದಿಲ್ಲ. ಕಾಲೇಜಿಗೆ ಅತಿಥಿಗಳು ಬರುವ ದಿನ ಬೆಳಿಗ್ಗೆಯೇ ಅವರ ಫೋನ್ ಬರುತ್ತದೆ: "ಮೇಷ್ಟ್ರೇ, ಪೆಟ್ರೋಲ್ ತರಿಸಿದ್ದೇನೆ, ಹೂವು ನೀವು ತನ್ನಿ. ಸೇವಂತಿಗೆಯೇ ಆಗಬೇಕು, ಹೋದ ಸಲ ಮಲ್ಲಿಗೆಗೆ ಅದು ಸ್ಟಾರ್ಟ್ ಆಗಲಿಲ್ಲ."