ಗಾಯವಿಲ್ಲದ ಚರ್ಮಕ್ಕೆ ರೇಷ್ಮೆ ಪಟ್ಟಿ

ರೇಷ್ಮೆ ಮರ್ಯಾದೆಯ ವಸ್ತು. ಅದನ್ನು ಮೊದಲು ಯಾರಿಗೆ ಹೊದಿಸಬೇಕು ಎಂಬುದರಲ್ಲಿ ನಮ್ಮ ಜಿಲ್ಲೆಯಲ್ಲಿ ಎರಡು ಅಭಿಪ್ರಾಯಗಳಿಲ್ಲ. ಆದ್ದರಿಂದ, ನಾನು ಮೇಟ್ರನ್ ಆಗಿರುವ ಹಿರಿಯೂರು ಹೊರವಲಯದ ಆಸ್ಪತ್ರೆಗೆ ರೇಷ್ಮೆ ಪಟ್ಟಿಗಳು ಪ್ರಯೋಗಕ್ಕೆಂದು ಬಂದಾಗ ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತು.

ಗೂಡಿನ ನೂಲಿನ ಅಂಟು ಕಳೆದು, ಉಳಿದ ಪ್ರೋಟೀನನ್ನು ಕರಗಿಸಿ ಮಾಡಿದ ತೆಳುವಾದ ಪೊರೆ ಅದು. ಗಾಯದ ಮೇಲೆ ಅಂಟಿಸಿದರೆ ತೇವ ಆರದು, ಅಡಿಯಲ್ಲಿ ಹೊಸ ಚರ್ಮ ಬೇಗ ಬೆಳೆಯುತ್ತದೆ. ಬಿಚ್ಚುವಾಗ ಹತ್ತಿಬಟ್ಟೆಯ ಹಾಗೆ ಚರ್ಮವನ್ನು ಕಿತ್ತುಕೊಂಡು ಬರುವುದಿಲ್ಲ.

ಮೊದಲ ಪಟ್ಟಿ ಪಾಲಮ್ಮನಿಗೆ ಎಂದು ನಿಗದಿಯಾಗಿತ್ತು. ಬಬ್ಬೂರು ಕಡೆಯ ಕುರಿಗಾಹಿ ಹೆಂಗಸು. ತಂತಿಬೇಲಿಗೆ ಸಿಕ್ಕಿ ಬಲಗಾಲಿನ ಮೀನಖಂಡ ಹರಿದಿತ್ತು. ಮಂದೆ ಮೇವು ಹುಡುಕಿ ಹೊಸದುರ್ಗದ ಕಡೆ ಹೊರಡುವುದರಲ್ಲಿತ್ತು; ಗಂಡ ಎತ್ತಪ್ಪ ಮುಂದೆ ನಡೆದರೆ ಹಿಂದೆ ಈಕೆ ಇರಲೇಬೇಕು.

ಉದ್ಘಾಟನೆಗೆ ದಾನಿಗಳಾದ ರಂಗಸ್ವಾಮಿಯವರು ಬಂದರು. "ರೇಷ್ಮೆ ಇಟ್ಟುಕೊಂಡು ಅತಿಥಿಗಳನ್ನು ಬಿಟ್ಟು ರೋಗಿಗೆ ಹಾಕುವುದೇ? ಚೆನ್ನಾಗಿರುವುದಿಲ್ಲ" ಎಂದರು ನಮ್ಮ ಮುಖ್ಯ ವೈದ್ಯ ಡಾಕ್ಟರ್ ರವೀಂದ್ರ. ರಂಗಸ್ವಾಮಿಯವರು ಸಂಕೋಚದಿಂದಲೇ ಅಂಗಿಯ ತೋಳು ಮಡಿಸಿದರು. ಪಟ್ಟಿ ಅಂಟಿಸಿದೆವು. ಚಪ್ಪಾಳೆ ನಿಲ್ಲುವಷ್ಟರಲ್ಲಿ ವೇದಿಕೆಯ ಮೇಲಿದ್ದ ಉಳಿದವರೂ ತೋಳು ಮಡಿಸಿದ್ದರು.

ಕೆಲವು ದಿನಗಳ ನಂತರ ಬಿಚ್ಚಿ ನೋಡಿದಾಗ ಯಾರಿಗೂ ಕೀವಿಲ್ಲ, ನೋವಿಲ್ಲ, ಕಲೆಯೂ ಇಲ್ಲ. ಶೇಕಡಾ ನೂರು ಯಶಸ್ಸು. ಚಿತ್ರದುರ್ಗದಲ್ಲಿ ಕೂರುವ ಪ್ರಯೋಗ ಸಮಿತಿಗೆ ವರದಿ ಕಳಿಸಿದೆವು. ಉತ್ತರವಾಗಿ ಪ್ರಕಟಣೆ ಬಂತು:

"ಫಲಿತಾಂಶವು ಅತ್ಯುತ್ತಮವಾಗಿದ್ದು, ಅದನ್ನು ಕಾಪಾಡಿಕೊಳ್ಳತಕ್ಕದ್ದು. ಗಾಯವಿರುವ ಚರ್ಮದ ಮೇಲೆ ಬಳಸಿದಲ್ಲಿ ಫಲಿತಾಂಶ ಕುಂದುವ ಸಂಭವವಿರುವುದರಿಂದ ಅಂತಹ ಚರ್ಮವನ್ನು ಪ್ರಯೋಗದಿಂದ ಹೊರಗಿಡತಕ್ಕದ್ದು."

ಇದನ್ನು ವಾರ್ಡಿನಲ್ಲಿ ಮಲಗಿದ್ದ ಪಾಲಮ್ಮನಿಗೆ ಸ್ಪಷ್ಟವಾಗಿ ಓದಿ ಹೇಳಿದೆ.

"ಅಂದ್ರೆ ಗಾಯಕ್ಕೆ ಹಾಕಂಗಿಲ್ವೇನ್ರಿ ಸಿಸ್ಟರ್ರೇ?"

"ಮೇಟ್ರನ್" ಎಂದು ತಿದ್ದಿದೆ. "ವಾಸಿಯಾದ ಮೇಲೆ ಬನ್ನಿ, ಹಾಕೋಣ."

"ವಾಸಿಯಾದ ಮ್ಯಾಲೆ ನಂಗ್ಯಾಕ್ರಿ ಅದು? ಸೀರೆಗೆ ಮ್ಯಾಚಿಂಗಾ?"

ನರ್ಸ್ ನೇತ್ರಾವತಿ ನಕ್ಕಳು. ನಾನು ನೋಡಿದ ಮೇಲೆ ನಿಲ್ಲಿಸಿದಳು. ಬಾಗಿಲಲ್ಲಿದ್ದ ಎತ್ತಪ್ಪ, "ಲೇ ಪಾಲಿ, ಇಲ್ಲಿ ಮೇವು ಮುಗುದೈತೆ. ಇನ್ನು ಕುರಿ ತಡೆಯಂಗಿಲ್ಲ, ಹೋಗಾಣ" ಎಂದ.

ಪಾಲಮ್ಮ ಹೊದಿಕೆಯಿಂದ ಎಡಗಾಲನ್ನು ಹೊರಗೆ ಚಾಚಿದಳು. "ತಗಳ್ರಿ! ಈ ಕಾಲಿಗೆ ಏನೂ ಆಗಿಲ್ಲ. ಇದಕ್ಕಾದ್ರೂ ಹಾಕಿ ಪುಣ್ಯ ಕಟ್ಕಳ್ರಿ!"

ಧ್ವನಿ ಸಭ್ಯವಾಗಿರಲಿಲ್ಲ. ಆದರೆ ಕಾಲು ಅರ್ಹವಾಗಿತ್ತು. ಗ್ರಾಮೀಣ ಮಹಿಳೆಯೊಬ್ಬರು ತಾವಾಗಿಯೇ ಮುಂದೆ ಬಂದದ್ದು ಡಾಕ್ಟರ್ ರವೀಂದ್ರರಿಗೆ ಬಹಳ ಸಂತೋಷ ತಂದಿತು. ಎಡಗಾಲಿಗೆ ರೇಷ್ಮೆ ಬಂತು. ಬಲಗಾಲಿಗೆ ಎಂದಿನ ಹತ್ತಿಬಟ್ಟೆ.

"ಮೇಡಮ್, ಇದನ್ನೇ ಬಿಚ್ಚಿ ಆ ಕಾಲಿಗೆ ಹಾಕಿದ್ರೆ?" ಎಂದು ನೇತ್ರಾವತಿ ಪಿಸುಗುಟ್ಟಿದಳು.

ಒಂದು ಕಾಲಿನ ಸೌಲಭ್ಯವನ್ನು ಇನ್ನೊಂದಕ್ಕೆ ವರ್ಗಾಯಿಸಲು ಅವಕಾಶವಿಲ್ಲವೆಂದು ತಿಳಿಸಿದೆ.

ಪಟ್ಟಿ ಬಿಚ್ಚುವ ತನಕ ಮಂದೆಯೂ ಕಾಯಬೇಕಾಯಿತು. ಬಿಚ್ಚಿದ ದಿನ ಎಡಗಾಲು ಹೊಳೆಯುತ್ತಿತ್ತು. ಬಲಗಾಲಿನ ಬಟ್ಟೆ ಎಳೆಯ ಚರ್ಮವನ್ನೂ ಕಿತ್ತುಕೊಂಡು ಬಂತು, ರಕ್ತ ಇಳಿಯಿತು. ಆದರೆ ಆ ಕಾಲು ಪ್ರಯೋಗದ ವ್ಯಾಪ್ತಿಗೆ ಬರುವುದಿಲ್ಲ. ಪಾಲಮ್ಮ ಗುಣಮುಖಳೆಂದು ಡಾಕ್ಟರ್ ಸಹಿ ಮಾಡಿದರು.

"ನಡೆಯಾಕೆ ಆಗಲ್ರಿ ಸಾರ್."

"ಗುಣವಾದ ಕಾಲಿನ ಮೇಲೆ ಭಾರ ಹಾಕಿ ನಡೀಬೇಕಮ್ಮ."

ಎತ್ತಪ್ಪನ ಕೋಲು ಊರಿಕೊಂಡು ಆಕೆ ಹಾಗೆಯೇ ನಡೆದಳು. "ಎಡಗಾಲು ಮಾತ್ರ ಚೆನ್ನಾಗಾಗೈತೆ ಬಿಡು" ಎಂದ ಎತ್ತಪ್ಪ. ಆಕೆ ಬಗ್ಗಿ ನೋಡಿ, "ಹೂಂ, ಅದೇನೋ ದಿಟ" ಎಂದಳು. ಪುರುಷರ ವಾರ್ಡಿನಲ್ಲಿ, ಬಲಗೈ ಸುಟ್ಟುಕೊಂಡು ಬಂದಿದ್ದ ಕಾಟಯ್ಯ ಆಗಲೇ ಎಡಗೈಯನ್ನು ಸೋಪು ಹಚ್ಚಿ ತೊಳೆದು ಕಾಯುತ್ತಿದ್ದ.

ಮಂದೆ ಪಾಲಮ್ಮನ ನಡಿಗೆಗೆ ತಕ್ಕಂತೆ ನಿಧಾನವಾಗಿ ಹೊಸದುರ್ಗದ ದಾರಿ ಹಿಡಿಯಿತು. ಕುರಿಗಳಿಂದ ಈವರೆಗೆ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.